ಗೆರೆಗೊಂದು ದೂರ: ಕ್ರಾಸ್‌ಬೋ ಸ್ಕೋಪ್ ಹೊಂದಿಸುವ ಕೆಲಸ

ಕ್ರಾಸ್‌ಬೋ ಅಂದರೆ ಬಂದೂಕಿನ ಹಾಗೆ ಹಿಡಿದು ಹೊಡೆಯುವ ಅಡ್ಡಬಿಲ್ಲು, ಸ್ಕೋಪ್ ಅಂದರೆ ಅದರ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು. ಆ ಸ್ಕೋಪಿಗೆ ಕಣ್ಣಿಟ್ಟರೆ ಒಂದರ ಕೆಳಗೊಂದು ನಾಲ್ಕೈದು ಅಡ್ಡಗೆರೆ ಕಾಣುತ್ತವೆ. ಮೇಲಿನದು 20 ಗಜಕ್ಕೆ, ಅದರ ಕೆಳಗಿನದು 30ಕ್ಕೆ, ಆಮೇಲೆ 40, 50. ಜೊತೆಗೆ ಬರುವ ಕಾಗದದಲ್ಲಿ ಹೀಗೇ ಬರೆದಿರುತ್ತಾರೆ. ನನ್ನ ಅಕ್ಕನ ಮಗ ಅದನ್ನು ನಂಬಿಕೊಂಡು ಮೇಲಿನ ಗೆರೆ ಒಂದನ್ನು ಸರಿ ಮಾಡಿದ್ದ. ಉಳಿದವು ತಾವೇ ಸರಿಯಾಗಿರುತ್ತವೆ ಅಂದುಕೊಂಡಿದ್ದ. ಆದರೆ 40 ಗಜದಲ್ಲಿ ಬಾಣ ಗುರಿಯ ಕೆಳಗೇ ಹೋಗಿ ಹಿಂದಿನ ದರೆಯ (ಕಡಿದಾದ ಮಣ್ಣಿನ ದಿಬ್ಬದ) ಮಣ್ಣಿನಲ್ಲಿ ಹೂತುಕೊಳ್ಳುತ್ತಿತ್ತು. "ಮಾವ, ಈ ಸ್ಕೋಪ್ ಹಾಳಾಗಿದೆ, ವಾಪಸ್ ಕಳಿಸ್ತೀನಿ" ಅಂದ. ಸ್ಕೋಪಿಗೆ ಏನೂ ಆಗಿರಲಿಲ್ಲ. ಆ ಗೆರೆಗಳು ಅಲ್ಲಿ ಯಾಕಿವೆ ಅಂತ ಗೊತ್ತಾದರೆ ಅವನ್ನು ಹೊಂದಿಸುವುದು ಒಂದು ಬೆಳಗಿನ ಕೆಲಸ ಅಷ್ಟೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಬಿಲ್ಲಿನ ಹುಚ್ಚು ಬಂದಿದ್ದು ತಡವಾಗಿ. ಆದರೆ ಗೆರೆಗಳ ಪರಿಚಯ ಹಳೆಯದು. ನಾನು ದುಡಿದಿದ್ದೆಲ್ಲ ಸರ್ವೆ ಕೆಲಸದಲ್ಲಿ. ಹಾಸನದ ಕಡೆ ನಾಲೆ, ಸಕಲೇಶಪುರ, ಮೂಡಿಗೆರೆ ಕಡೆ ರಸ್ತೆ. ಡಂಪಿ ಲೆವೆಲ್ ಅನ್ನುವ ದುರ್ಬೀನಿನಲ್ಲಿ ನಡುಗೆರೆಯ ಮೇಲೊಂದು, ಕೆಳಗೊಂದು ಚಿಕ್ಕ ಗೆರೆ ಇರುತ್ತವೆ. ದೂರದಲ್ಲಿ ನಿಲ್ಲಿಸಿದ ಅಳತೆಪಟ್ಟಿಯ ಮೇಲೆ ಆ ಎರಡು ಗೆರೆಗಳ ನಡುವೆ ಎಷ್ಟು ಕಾಣುತ್ತದೋ ಅದನ್ನು 100ರಿಂದ ಗುಣಿಸಿದರೆ ದೂರ ಸಿಗುತ್ತದೆ. 40 ಸೆಂಟಿಮೀಟರ್ ಕಂಡರೆ 40 ಮೀಟರ್. ಟೇಪ್ ಹಿಡಿದು ಹಳ್ಳ ದಾಟುವ ಕೆಲಸವಿಲ್ಲ. ಕ್ರಾಸ್‌ಬೋ ಸ್ಕೋಪನ್ನು ಮೊದಲ ಸಲ ನೋಡಿದಾಗ ನನಗೆ ತಟ್ಟನೆ ಹೊಳೆದದ್ದು ಇದೇ. ಅಲ್ಲಿಯೂ ಇರುವುದು ಕೋನಗಳ ಗೆರೆ. ದೂರ ಅನ್ನುವುದು ಆ ಗೆರೆಯಲ್ಲಿಲ್ಲ. ದೂರವನ್ನು ಅದಕ್ಕೆ ಹೊಂದಿಸುವವರು ನಾವು.

ಮುಂದೆ ಹೋಗುವ ಮೊದಲು ಒಂದು ಮಾತು. ಇದು ಗುರಿ ಹೊಡೆಯುವ ಆಟದ ಬಗ್ಗೆ ಮಾತ್ರ. ನಮ್ಮ ಕಡೆ ತೋಟದಲ್ಲಿ ಹಂದಿ, ಕಾಡುಕೋಳಿ, ಕೆಂದಳಿಲು ಎಲ್ಲ ಓಡಾಡುತ್ತವೆ. ಅವುಗಳ ಮೇಲೆ ಬಾಣ ಬಿಡುವ ಆಲೋಚನೆ ಇರುವವರು ದಯವಿಟ್ಟು ಇದನ್ನು ಓದಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಾಯ್ದೆ ಇರದಿದ್ದರೂ ನನ್ನ ಮಾತು ಇದೇ. ಇನ್ನು ಕ್ರಾಸ್‌ಬೋ ಕೊಳ್ಳುವ ಯೋಚನೆ ಇದ್ದರೆ ಆನ್‌ಲೈನ್ ಅಂಗಡಿಯ ಮಾತನ್ನು ನೆಚ್ಚಬೇಡಿ. ಮೊದಲು ನಿಮ್ಮ ಪೊಲೀಸ್ ಠಾಣೆಗೆ ಹೋಗಿ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ಸರಿ, ಬಾಣ ಹೇಗೆ ಬೀಳುತ್ತದೆ ಅಂತ ನೋಡೋಣ. ಹುಡುಗನ ಬಿಲ್ಲಿನ ಮೇಲೆ ಸೆಕೆಂಡಿಗೆ 330 ಅಡಿ ಅಂತ ಬರೆದಿದೆ. ಅಂದರೆ ಸುಮಾರು 100 ಮೀಟರ್. ಲೆಕ್ಕಕ್ಕೆ ಇದು ಬಹಳ ಅನುಕೂಲ. 20 ಮೀಟರ್ ಹೋಗಲು 0.2 ಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಯಾವ ವಸ್ತುವಾದರೂ ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 40 ಮೀಟರಿಗೆ 0.4 ಸೆಕೆಂಡ್. ಸಮಯ ಎರಡು ಪಟ್ಟು, ಆದರೆ ಬೀಳುವುದು ನಾಲ್ಕು ಪಟ್ಟು, 78 ಸೆಂಟಿಮೀಟರ್. 50 ಮೀಟರಿಗೆ 1 ಮೀಟರ್ 22 ಸೆಂಟಿಮೀಟರ್. ಗಾಳಿಯ ತಡೆಯನ್ನು ನಾನು ಇಲ್ಲಿ ಸೇರಿಸಿಲ್ಲ. ಅದನ್ನು ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿಯೇ ಬೀಳುತ್ತದೆ.

ಈಗ ಸ್ಕೋಪ್ ಬಾಣಕ್ಕಿಂತ 6 ಸೆಂಟಿಮೀಟರ್ ಮೇಲೆ ಕೂತಿದೆ ಅಂದುಕೊಳ್ಳಿ. ಮೇಲಿನ ಗೆರೆಯನ್ನು 20 ಮೀಟರಿಗೆ ಸರಿ ಮಾಡಿದ್ದೀರಿ. ಅದೇ ಗೆರೆ ಇಟ್ಟು 10 ಮೀಟರಿನಲ್ಲಿ ಹೊಡೆದರೆ ಬಾಣ 2 ಸೆಂಟಿಮೀಟರ್ ಮೇಲೆ ಬೀಳುತ್ತದೆ. 30ರಲ್ಲಿ ಸುಮಾರು 12 ಸೆಂಟಿಮೀಟರ್ ಕೆಳಗೆ. 40ರಲ್ಲಿ 33 ಕೆಳಗೆ. 50ರಲ್ಲಿ 65 ಕೆಳಗೆ. ಈ ಅಂಕಿ ನೋಡಿದವರಿಗೆ ಸ್ಕೋಪಿನ ಗೆರೆಗಳ ನಡುವಿನ ಜಾಗ ಕೆಳಗೆ ಹೋದಂತೆ ಬಹಳ ಅಗಲವಾಗಬೇಕು ಅನ್ನಿಸುತ್ತದೆ. ಹುಡುಗನಿಗೂ ಹಾಗೇ ಅನ್ನಿಸಿತ್ತು. "ಮತ್ತೆ ಗೆರೆಗಳು ಯಾಕೆ ಹೆಚ್ಚುಕಮ್ಮಿ ಸಮವಾಗಿವೆ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ.

ಉತ್ತರ ಸರ್ವೆಯವರಿಗೆ ಸುಲಭ. ದೂರ ಹೋದಂತೆ ಬಾಣ ಜಾಸ್ತಿ ಬೀಳುತ್ತದೆ, ನಿಜ. ಆದರೆ ದೂರ ಹೋದಂತೆ ಆ ಬಿದ್ದ ಅಳತೆ ಕಣ್ಣಿಗೆ ಚಿಕ್ಕದಾಗಿಯೂ ಕಾಣುತ್ತದೆ. ಕಣ್ಣಿನಿಂದ 1 ಮೀಟರ್ ದೂರದಲ್ಲಿ ಒಂದು ಸ್ಕೇಲ್ ಹಿಡಿದು ಅದರ ಮೇಲೆ ಈ ಇಳಿತಗಳನ್ನು ಗುರುತು ಮಾಡಿ ಅನ್ನಿ. 30 ಮೀಟರಿನ 12 ಸೆಂಟಿಮೀಟರ್ ಅಲ್ಲಿ 3.9 ಮಿಲಿಮೀಟರ್ ಆಗುತ್ತದೆ. 40ರದ್ದು 8.3. 50ರದ್ದು 12.9. ನಡುವಿನ ಜಾಗ ನೋಡಿ. 3.9, 4.4, 4.6. ಸ್ವಲ್ಪ ಸ್ವಲ್ಪ ಬೆಳೆಯುತ್ತದೆ, ಅಷ್ಟೇ. ಕಾಗದದ ಮೇಲೆ ಇದನ್ನು ಬರೆದು ತೋರಿಸಿದಾಗ ಹುಡುಗನ ಮುಖ ಅರಳಿತು. ನನಗೂ ಖುಷಿಯಾಯಿತು. ಇಷ್ಟು ಚಂದದ ಲೆಕ್ಕ ಒಂದು ಆಟದ ಸಾಮಾನಿನೊಳಗೆ ಕೂತಿದೆಯಲ್ಲ ಅಂತ.

ಇಲ್ಲಿಂದ ಮುಂದಿನ ವಿಷಯ ತಾನೇ ಬಿಚ್ಚಿಕೊಳ್ಳುತ್ತದೆ. ಆ ಗೆರೆಗಳು ಒಂದು ವೇಗಕ್ಕೆ ಮಾತ್ರ ಹೊಂದುತ್ತವೆ. ಬಾಣದ ವೇಗ 100ರಿಂದ 90 ಮೀಟರಿಗೆ ಇಳಿದರೆ ಬೀಳುವ ಅಳತೆ ಸುಮಾರು 23 ಪರ್ಸೆಂಟ್ ಜಾಸ್ತಿಯಾಗುತ್ತದೆ. ಆಗ ಗೆರೆಗಳ ನಡುವೆ ಇನ್ನೂ ಜಾಗ ಬೇಕು. ಗಾಜಿನ ಮೇಲೆ ಕೊರೆದ ಗೆರೆಯನ್ನು ಎಳೆದು ಅಗಲ ಮಾಡಲು ಆಗುವುದಿಲ್ಲ. ಅದಕ್ಕೇ ಸ್ಕೋಪಿನ ಹಿಂಭಾಗದಲ್ಲಿ ಒಂದು ಬಳೆ ಇರುತ್ತದೆ, ಅದರ ಮೇಲೆ ವೇಗದ ಅಂಕಿ ಬರೆದಿರುತ್ತದೆ. ಅದನ್ನು ತಿರುಗಿಸಿದರೆ ನೋಟ ಹತ್ತಿರವಾಗುತ್ತದೆ ಅಥವಾ ದೂರವಾಗುತ್ತದೆ. ಗೆರೆ ಇದ್ದಲ್ಲೇ ಇರುತ್ತದೆ, ಹಿಂದಿನ ದೃಶ್ಯ ಮಾತ್ರ ದೊಡ್ಡದು ಚಿಕ್ಕದು ಆಗುತ್ತದೆ. ದೃಶ್ಯ ಚಿಕ್ಕದಾದಾಗ ಅದೇ ಎರಡು ಗೆರೆಗಳ ನಡುವೆ ಗುರಿಯ ಹೆಚ್ಚು ಭಾಗ ಹಿಡಿಯುತ್ತದೆ. ಆದ್ದರಿಂದ ನಿಧಾನದ ಬಾಣಕ್ಕೆ ಕಡಿಮೆ ಜೂಮ್, ವೇಗದ ಬಾಣಕ್ಕೆ ಜಾಸ್ತಿ ಜೂಮ್. ಬಳೆಯ ಮೇಲಿನ ಅಂಕಿ ಹೇಳುವುದೂ ಇದನ್ನೇ. ಹುಡುಗ ಮಾತ್ರ ಅದನ್ನು ಬರೀ ಜೂಮ್ ಅಂದುಕೊಂಡು, ಗುರಿ ದೊಡ್ಡದಾಗಿ ಕಾಣಲಿ ಅಂತ ಪೂರ್ತಿ ತಿರುಗಿಸಿ ಇಟ್ಟಿದ್ದ. ಅವನ ಬಾಣ ಕೆಳಗೆ ಹೋಗುತ್ತಿದ್ದುದಕ್ಕೆ ಮುಖ್ಯ ಕಾರಣ ಅದೇ.

ಬಿಲ್ಲಿನ ಮೇಲೆ 330 ಅಂತ ಇದೆಯಲ್ಲ, ಬಳೆಯನ್ನೂ 330ಕ್ಕೆ ಇಟ್ಟರೆ ಮುಗಿಯಿತಲ್ಲ? ಇಲ್ಲ. ಆ ಅಂಕಿ ಬಂದಿರುವುದು ತಯಾರಕರು ಆರಿಸಿಕೊಂಡ ಹಗುರ ಬಾಣದಿಂದ. ನಿಮ್ಮ ಬಾಣ ಬೇರೆ. ಹುಡುಗನ ಹತ್ತಿರ ಎರಡು ಬಗೆ ಬಾಣ ಇದ್ದವು, ನೋಡಲು ಒಂದೇ ಥರ. ಪೇಟೆಯ ಚಿನ್ನದಂಗಡಿಯಲ್ಲಿ ಪರಿಚಯದವರ ಹತ್ತಿರ ತೂಗಿಸಿದೆವು. ಒಂದು ಬಗೆ 26 ಗ್ರಾಂ, ಇನ್ನೊಂದು 29. ಬರೀ 3 ಗ್ರಾಂ ಅನ್ನಬೇಡಿ. ಬಿಲ್ಲು ಕೊಡುವ ಶಕ್ತಿ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ಭಾರದ ಬಾಣ ನಿಧಾನವಾಗುತ್ತದೆ. 40 ಮೀಟರಿನಲ್ಲಿ ಅದು ಹಗುರದ್ದಕ್ಕಿಂತ 8–9 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಎರಡನ್ನೂ ಕಲಸಿ ಹೊಡೆಯುತ್ತಾ ಕೂತರೆ ಯಾವ ಸ್ಕೋಪೂ ಸರಿಯಾಗುವುದಿಲ್ಲ. ಒಂದೇ ತೂಕದ ಬಾಣ ಆರಿಸಿ, ಪೇಂಟ್ ಪೆನ್ನಿನಲ್ಲಿ ನಂಬರ್ ಹಾಕಿ. ಒಂದು ನಂಬರ್ ಮಾತ್ರ ಪ್ರತಿ ಸಲ ಗುಂಪಿನಿಂದ ಹೊರಗೆ ಬಿದ್ದರೆ ಆ ಬಾಣವನ್ನು ಬದಿಗಿಡಿ. ಅದರ ಗರಿಯೋ ಹಿಂದಿನ ತುದಿಯೋ ಕೆಟ್ಟಿರುತ್ತದೆ.

ದೂರ ಅಳೆಯುವ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಾನು ಬಹಳ ಹಠಮಾರಿ. ಸ್ಕೋಪಿನ ಲೆಕ್ಕ ಗಜದಲ್ಲಿ, ನಮ್ಮ ಟೇಪ್ ಮೀಟರಿನಲ್ಲಿ. ಒಂದು ಗಜ 0.9144 ಮೀಟರ್. 20 ಗಜ ಅಂದರೆ 18.29 ಮೀಟರ್, 30 ಅಂದರೆ 27.43, 40 ಅಂದರೆ 36.58, 50 ಅಂದರೆ 45.72. 40 ಗಜದ ಗೆರೆ ಇಟ್ಟು 40 ಮೀಟರಿನಲ್ಲಿ ಹೊಡೆದರೆ ಬಾಣ ಸುಮಾರು 6 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಆಮೇಲೆ ಸ್ಕೋಪಿಗೆ ಬೈಯುತ್ತಾರೆ. ಟೇಪ್ ಇಲ್ಲದಿದ್ದರೆ ಕ್ರಿಕೆಟ್ ಪಿಚ್ ಇದೆಯಲ್ಲ, ಎರಡು ವಿಕೆಟ್‌ಗಳ ನಡುವೆ ಸರಿಯಾಗಿ 22 ಗಜ. ಹಳೆಯ ಸರ್ವೆ ಸರಪಳಿಯ ಉದ್ದವೂ ಅದೇ, 66 ಅಡಿ. ನಮ್ಮ ಗುಂಟೆ ಹುಟ್ಟಿದ್ದೂ ಅದರಿಂದಲೇ. ಅರ್ಧ ಸರಪಳಿ, ಅಂದರೆ 33 ಅಡಿ ಉದ್ದ, 33 ಅಡಿ ಅಗಲ ಸೇರಿದರೆ ಒಂದು ಗುಂಟೆ. ಜಮೀನು ಅಳೆದು ಬೆಳೆದ ಕೈಗೆ ಗಜದ ಲೆಕ್ಕ ಹಾಗಾಗಿ ಅಷ್ಟು ಹೊರಗಿನದಲ್ಲ. ಹೆಜ್ಜೆ ಹಾಕಿ ಮಾತ್ರ ಅಳೆಯಬೇಡಿ. ತೋಟದ ನೆಲ ಏರಿಳಿತ, ಹೆಜ್ಜೆ ಒಂದೇ ಸಮ ಬೀಳುವುದಿಲ್ಲ. ನಾವು ಕಣದ ಅಂಚಿನಿಂದ ಟೇಪ್ ಎಳೆದು 20, 30, 40, 50 ಗಜಕ್ಕೆ ಸಿಲ್ವರ್ ಮರದ ಗೂಟ ಹೊಡೆದಿದ್ದೇವೆ.

ಜಾಗ ಆರಿಸುವಾಗ ಗುರಿಯ ಹಿಂದೆ ದರೆ ಇರಲೇಬೇಕು. ಬೇಲಿ ಸಾಲದು, ಕಾಫಿ ಗಿಡ ಸಾಲದು, ಟಾರ್ಪಾಲಂತೂ ಏನೇನೂ ಸಾಲದು. ಮೂರಾಳು ಎತ್ತರದ ಮಣ್ಣಿನ ದರೆ ಬೇಕು, ಅದರ ಮೇಲೆ ಕಾಲುದಾರಿ ಇರಬಾರದು. ಕೊಯ್ಲಿನ ಕಾಲದಲ್ಲಿ ಆಳುಗಳು ಯಾವ ಕಡೆಯಿಂದ ಬರುತ್ತಾರೆ ಅಂತ ಹೇಳಲು ಆಗುವುದಿಲ್ಲ, ಆಗ ನಾವು ಬಿಲ್ಲನ್ನು ಹೊರಗೇ ತೆಗೆಯುವುದಿಲ್ಲ. ಗುರಿಗೆ ನಾವು ಮಾಡಿಕೊಂಡಿದ್ದು ಗೋಣಿಚೀಲ. ಹಳೇ ಬಟ್ಟೆಯನ್ನು ಗಟ್ಟಿಯಾಗಿ ತುರುಕಿ ಬಾಯಿ ಹೊಲಿದಿದ್ದೇವೆ. ಬಾಣ ನಿಲ್ಲುತ್ತದೆ, ಎಳೆದರೆ ಬರುತ್ತದೆ.

ಬಿಲ್ಲಿನ ಬಗ್ಗೆ ಮೂರು ಮಾತು ಹೇಳಲೇಬೇಕು. ಬಾಣ ಇಲ್ಲದೆ ಹೆದೆ ಬಿಡಬಾರದು, ಯಾವತ್ತೂ. ಬಾಣಕ್ಕೆ ಹೋಗಬೇಕಾದ ಶಕ್ತಿ ಪೂರ್ತಿ ಬಿಲ್ಲಿನ ರೆಕ್ಕೆಗೇ (ಎರಡು ಪಕ್ಕದ ಬಾಗುವ ತೋಳುಗಳಿಗೇ) ಹೊಡೆಯುತ್ತದೆ, ಅದು ಸೀಳಿಹೋಗಬಹುದು. ಎಡಗೈ ಹೆಬ್ಬೆರಳು ಹೆದೆ ಓಡುವ ಹಳಿಯ ಕೆಳಗೇ ಇರಬೇಕು. ಮೇಲೆ ಬಂದರೆ ಬೆರಳು ಉಳಿಯುವುದಿಲ್ಲ. ಹೆದೆ ಎಳೆದು ಕೂರಿಸಲು ಜೊತೆಗೆ ಬರುವ ಹಗ್ಗವನ್ನೇ ಬಳಸಿ. ಬರಿಗೈಯಲ್ಲಿ ಎಳೆದಾಗ ಒಂದು ಕಡೆ ಸ್ವಲ್ಪ ಜಾಸ್ತಿ ಬರುತ್ತದೆ, ಹೆದೆಯ ನಡು ಹಳಿಯ ನಡುವಿಗೆ ಕೂರುವುದಿಲ್ಲ. ಆಗ ಬಾಣ ಪಕ್ಕಕ್ಕೆ ಹೋಗುತ್ತದೆ. ಹೆದೆ ಸಡಿಲವಾಗಿ ಕೂತಿರುವಾಗ ಹಳಿಯ ಎರಡೂ ಬದಿಯಲ್ಲಿ ಅದರ ಮೇಲೆ ಮಾರ್ಕರ್‌ನಿಂದ ಚುಕ್ಕೆ ಹಾಕಿ. ಎಳೆದ ಮೇಲೆ ಚುಕ್ಕೆ ಎರಡೂ ಸಮ ಇವೆಯಾ ಅಂತ ಪ್ರತಿ ಸಲ ನೋಡಿ.

ಈಗ ಹೊಡೆಯುವ ಕೆಲಸ. ಮೇಜಿನ ಮೇಲೆ ಮರಳು ಚೀಲ ಇಟ್ಟು ಅದರ ಮೇಲೆ ಬಿಲ್ಲು ಕೂರಿಸಿ. ಬಿಲ್ಲಿನ ರೆಕ್ಕೆ ಮೇಜಿಗೂ ಚೀಲಕ್ಕೂ ತಾಗಬಾರದು. ಬಾಣ ಬಿಟ್ಟಾಗ ರೆಕ್ಕೆ ಮುಂದಕ್ಕೂ ಹೊರಕ್ಕೂ ಚಿಮ್ಮುತ್ತದೆ, ಅದಕ್ಕೆ ಜಾಗ ಬೇಕು. ಮೊದಲು 10 ಗಜದಲ್ಲಿ ಬಾಣ ಚೀಲಕ್ಕೆ ಬೀಳುವಷ್ಟು ಮಾಡಿಕೊಳ್ಳಿ. ಆಮೇಲೆ 20ಕ್ಕೆ ಹೋಗಿ. ಮೇಲಿನ ಗೆರೆ ಇಟ್ಟು ಮೂರು ಬಾಣ ಬಿಡಿ. ಮೂರಕ್ಕೂ ಗುರಿಯ ಚೀಲದ ಮೇಲೆ ಬೇರೆ ಬೇರೆ ಚುಕ್ಕೆ ಹಚ್ಚಿ, ಯಾಕೆಂದರೆ 20 ಗಜದಲ್ಲಿ ಒಂದೇ ಚುಕ್ಕೆಗೆ ಹೊಡೆದರೆ ಬಾಣಕ್ಕೆ ಬಾಣ ತಾಗಿ ಮುರಿಯುತ್ತದೆ. ಸ್ಕೋಪಿನ ಮೇಲೆ ಗೆರೆಗಳನ್ನು ಮೇಲೆ ಕೆಳಗೆ, ಪಕ್ಕಕ್ಕೆ ಸರಿಸುವ ತಿರುಪು ಇರುತ್ತವೆ. ಒಂದು ಬಾಣ ನೋಡಿ ಅವನ್ನು ಮುಟ್ಟಬೇಡಿ. ಮೂರೂ ತಮ್ಮ ಚುಕ್ಕೆಯಿಂದ ಎಷ್ಟು, ಯಾವ ಕಡೆ ಬಿದ್ದಿವೆ ಅಂತ ಅಳೆದು, ಅದರ ಸರಾಸರಿಗೆ ತಿರುಗಿಸಿ.

ತಿರುಪಿನ ಒಂದು ಕ್ಲಿಕ್ ಎಷ್ಟು? ಸಾಮಾನ್ಯವಾಗಿ 100 ಗಜದಲ್ಲಿ ಕಾಲು ಇಂಚು ಅಂತ ಬರೆದಿರುತ್ತಾರೆ. ನೀವು ಇರುವುದು 20 ಗಜದಲ್ಲಿ. ಅಲ್ಲಿ ಅದೇ ಕ್ಲಿಕ್ ಇಂಚಿನ 20ರಲ್ಲಿ ಒಂದು ಭಾಗ, ಸುಮಾರು 1.3 ಮಿಲಿಮೀಟರ್. ಒಂದು ಇಂಚು ಸರಿಸಲು 20 ಕ್ಲಿಕ್ ಬೇಕು. ಹೊಸಬರು ನಾಲ್ಕು ಕ್ಲಿಕ್ ತಿರುಗಿಸಿ "ಏನೂ ಬದಲಾಗಲಿಲ್ಲ" ಅನ್ನುತ್ತಾರೆ. ಬದಲಾಗಿರುತ್ತದೆ, ಅರ್ಧ ಸೆಂಟಿಮೀಟರ್.

20 ಗಜ ಗಟ್ಟಿಯಾದ ಮೇಲೆ ತಿರುಪಿನ ಮುಚ್ಚಳ ಹಾಕಿಬಿಡಿ. ಸದ್ಯಕ್ಕೆ ಅದನ್ನು ಮುಟ್ಟುವ ಹಾಗಿಲ್ಲ. ನೇರ 40ಕ್ಕೆ ಹೋಗಿ. 30ಕ್ಕೆ ಯಾಕೆ ಹೋಗುವುದಿಲ್ಲ ಅಂದರೆ, ಅಲ್ಲಿ ವ್ಯತ್ಯಾಸ ಚಿಕ್ಕದು, ಕೈ ಅಲುಗಿದ್ದೋ ಬಳೆ ತಪ್ಪಿದ್ದೋ ಗೊತ್ತಾಗುವುದಿಲ್ಲ. 40 ಗಜದ ಗೆರೆ ಇಟ್ಟು ಮೂರು ಬಾಣ ಬಿಡಿ. ಕೆಳಗೆ ಬಿದ್ದರೆ ಬಳೆಯನ್ನು ಕಡಿಮೆ ಅಂಕಿಯ ಕಡೆ ತಿರುಗಿಸಿ. ಮೇಲೆ ಬಿದ್ದರೆ ಜಾಸ್ತಿ ಅಂಕಿಯ ಕಡೆ. ಸ್ವಲ್ಪ ಸ್ವಲ್ಪವೇ. 40 ಹೊಂದಿದ ಮೇಲೆ ಒಂದು ಸಲ 20ಕ್ಕೆ ವಾಪಸ್ ಬಂದು ನೋಡಿ, ಮೇಲಿನ ಗೆರೆ ಸ್ಕೋಪಿನ ನಟ್ಟನಡುವೆ ಇದ್ದರೆ ಅದು ಅಲುಗಿರುವುದಿಲ್ಲ. ನಡುವೆ ಇಲ್ಲದ ಮಾದರಿಯಾದರೆ ಸ್ವಲ್ಪ ಸರಿದಿರುತ್ತದೆ, ತಿದ್ದಿಕೊಳ್ಳಿ. ಆಮೇಲೆ 30 ಮತ್ತು 50 ಬರೀ ಪರೀಕ್ಷೆ. ಹುಡುಗನ ಬಿಲ್ಲಿನಲ್ಲಿ ಬಳೆ ಬಂದು ನಿಂತಿದ್ದು 310ರ ಹತ್ತಿರ. ಆ ಜಾಗಕ್ಕೆ ಬಿಳಿ ಪೇಂಟಿನ ಗುರುತು ಹಾಕಿದ್ದೇವೆ. 50ರಲ್ಲಿ ಬಾಣ ಒಂದೆರಡು ಬೆರಳು ಕೆಳಗೆ ಬೀಳುತ್ತದೆ. ಅಷ್ಟು ದೂರದಲ್ಲಿ ಗಾಳಿ ವೇಗವನ್ನು ತಿಂದಿರುತ್ತದೆ, ಅದನ್ನು ಹಾಗೇ ಒಪ್ಪಿಕೊಂಡು ಸ್ವಲ್ಪ ಮೇಲೆ ಹಿಡಿಯುವುದೇ ಸರಿ ಅಂತ ನನ್ನ ಅಭಿಪ್ರಾಯ.

ಬಿಲ್ಲು ಓರೆಯಾಗುವುದು ಇನ್ನೊಂದು ತೊಂದರೆ. ಲೆವೆಲ್ ಯಂತ್ರದಲ್ಲಿ ರಸಮಟ್ಟದ ಗುಳ್ಳೆ ನಡುವಿಗೆ ಬರದೆ ನಾವು ಓದು ತೆಗೆಯುತ್ತಿರಲಿಲ್ಲ. ಇಲ್ಲೂ ಅದೇ ಶಿಸ್ತು ಬೇಕು. 5 ಡಿಗ್ರಿ ಓರೆಯಾದರೆ 20 ಮೀಟರಿನಲ್ಲಿ ಬಾಣ 2 ಸೆಂಟಿಮೀಟರಿಗಿಂತ ಕಡಿಮೆ ಪಕ್ಕಕ್ಕೆ ಹೋಗುತ್ತದೆ, ಗೊತ್ತೇ ಆಗುವುದಿಲ್ಲ. 40ರಲ್ಲಿ ಸುಮಾರು 7. ಯಾವ ಕಡೆ ವಾಲಿಸಿದ್ದೀರೋ ಆ ಕಡೆಗೇ. ನಮ್ಮಲ್ಲಿ ನೆಲ ಇಳಿಜಾರು, ಹಿಂದಿನ ಮರಗಳೂ ವಾಲಿರುತ್ತವೆ. ಕಣ್ಣು ಆ ಮರವನ್ನೇ ನೇರ ಅಂದುಕೊಳ್ಳುತ್ತದೆ. ಅದಕ್ಕೇ ಗುರಿಯ ಚೀಲದ ಮುಂದೆ ಒಂದು ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟಿದ್ದೇವೆ. ಸ್ಕೋಪಿನ ನಿಂತ ಗೆರೆ ಆ ದಾರಕ್ಕೆ ಹೊಂದಿದರೆ ಬಿಲ್ಲು ನೇರ ಇದೆ ಅಂತ. ಸ್ಕೋಪನ್ನು ಮೌಂಟಿಗೆ (ಬಿಲ್ಲಿನ ಮೇಲೆ ಅದನ್ನು ಹಿಡಿದಿಡುವ ಪಟ್ಟಿಗೆ) ಬಿಗಿಯುವಾಗಲೂ ಇದೇ ದಾರ ಕೆಲಸಕ್ಕೆ ಬರುತ್ತದೆ.

ಕಣ್ಣು ಪ್ರತಿ ಸಲ ಒಂದೇ ಜಾಗದಲ್ಲಿರಬೇಕು. ಕಣ್ಣು ಅಲುಗಿಸಿದಾಗ ಗುರಿಯ ಮೇಲೆ ಗೆರೆ ಓಡಾಡಿದಂತೆ ಕಂಡರೆ ಅದು ಪ್ಯಾರಲಾಕ್ಸ್. ಲೆವೆಲ್‌ನಲ್ಲಿ ಅದನ್ನು ತೆಗೆಯಲು ತಿರುಪು ಇರುತ್ತದೆ. ಇಂಥ ಸ್ಕೋಪಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ತಯಾರಕರೇ ಒಂದು ದೂರಕ್ಕೆ ಕೂರಿಸಿರುತ್ತಾರೆ. ಕೆನ್ನೆ ಬಿಲ್ಲಿನ ಹಿಡಿಗೆ ತಾಗುವ ಜಾಗ ಗುರುತಿಟ್ಟುಕೊಂಡರೆ ಸಾಕು.

ಇಳಿಜಾರಿನ ಮಾತು ಹೇಳದಿದ್ದರೆ ಮಲೆನಾಡಿನವನಾಗಿ ನನಗೆ ಸಮಾಧಾನವಿಲ್ಲ. ನಮ್ಮ ಕಣ ಮೇಲಿದೆ, ಹಡ್ಲು (ತಗ್ಗಿನ ಗದ್ದೆ) ಕೆಳಗಿದೆ. ಕಣದಿಂದ ಹಡ್ಲಿನ ಅಂಚಿನ ಗುರಿಗೆ ಟೇಪ್ ಹಿಡಿದರೆ 40 ಗಜ. ಆದರೆ ಭೂಮಿ ಎಳೆಯುವುದು ನೇರ ಕೆಳಗೆ. ಆದ್ದರಿಂದ ಲೆಕ್ಕಕ್ಕೆ ಬರುವುದು ಮಟ್ಟಸವಾಗಿ ಅಳೆದ ದೂರ. 30 ಡಿಗ್ರಿ ಇಳಿಜಾರಿನಲ್ಲಿ 40 ಗಜ ಅಂದರೆ ಮಟ್ಟಸಕ್ಕೆ 34.6 ಗಜ ಮಾತ್ರ. 30 ಮತ್ತು 40ರ ಗೆರೆಗಳ ನಡುವೆ ಹಿಡಿಯಬೇಕು. 40ರ ಗೆರೆ ಇಟ್ಟರೆ ಬಾಣ ಮೇಲೆ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೊಡೆದರೂ ಹಾಗೇ, ಮೇಲೇ ಹೋಗುತ್ತದೆ. ಏರಿಗೆ ಬಾಣ ಕಷ್ಟಪಟ್ಟು ಹತ್ತಬೇಕು, ಆದ್ದರಿಂದ ಕೆಳಗೆ ಬೀಳುತ್ತದೆ ಅಂತ ತುಂಬ ಜನ ವಾದ ಮಾಡುತ್ತಾರೆ. ಹೊಡೆದು ನೋಡಿದರೆ ವಾದ ಮುಗಿಯುತ್ತದೆ. 15 ಡಿಗ್ರಿಯ ಇಳಿಜಾರಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, 40 ಗಜ 38.6 ಆಗುತ್ತದೆ ಅಷ್ಟೇ.

ಮೂಡಿಗೆರೆಯ ಮಳೆಗಾಲದಲ್ಲಿ ಬಿಲ್ಲು ಪೆಟ್ಟಿಗೆಯಲ್ಲೇ ಇರುತ್ತದೆ. ಒಳಗಿಡುವ ಮೊದಲು ಹೆದೆಗೆ ಮೇಣ ತಿಕ್ಕಿ, ಸ್ಕೋಪಿನ ಗಾಜು ಒಣ ಬಟ್ಟೆಯಲ್ಲಿ ಒರೆಸಿ. ಎಳೆದು ಕೂರಿಸಿದ ಹೆದೆಯೊಂದಿಗೆ ಯಾವತ್ತೂ ಇಡಬಾರದು. ಮಳೆ ಬಿಟ್ಟ ಮೇಲೆ ತೆಗೆದಾಗ ಮೊದಲು 20, ಆಮೇಲೆ 40. ಎರಡೂ ಹೊಂದಿದರೆ ಉಳಿದ ಗೆರೆಗಳ ಚಿಂತೆ ಬೇಡ. 20ರಲ್ಲಿ ಸ್ವಲ್ಪ, 40ರಲ್ಲಿ ಜಾಸ್ತಿ ಕೆಳಗೆ ಬಿದ್ದರೆ ಬಾಣದ ವೇಗ ಇಳಿದಿದೆ. ಹೆದೆ ಎಳೆದುಹೋಗಿದೆಯಾ, ಬಾಣ ಬೇರೆ ತೂಕದ್ದಾ ಅಂತ ನೋಡಿ. ಎರಡು ದೂರದಲ್ಲೂ ಒಂದೇ ಪಕ್ಕಕ್ಕೆ ಹೋದರೆ ಹೆದೆಯ ಚುಕ್ಕೆ ಸಮ ಇದೆಯಾ ನೋಡಿ, ಆಮೇಲೆ ಮೌಂಟಿನ ತಿರುಪು. 40ರಲ್ಲಿ ಮಾತ್ರ ಪಕ್ಕಕ್ಕೆ ಹೋದರೆ ದಾರ ಕಟ್ಟಿ ಓರೆ ಇದೆಯಾ ನೋಡಿ. ಸ್ಕೋಪಿನ ತಿರುಪಿನ ಮುಚ್ಚಳ ಬಿಚ್ಚುವುದು ಇಷ್ಟೆಲ್ಲ ಆದ ಮೇಲೆ.